ಎಡಬದಿ

ನಕ್ಕಿದ್ದೇ ತಪ್ಪಾಯಿತು. ಗುದ್ದಿದ್ದನ್ನು ಯಾರಾದರೂ ಮನ್ನಿಸುತ್ತಾರೆ. ದೋಣಿ ಎಂದಮೇಲೆ ಒಮ್ಮೆಯಾದರೂ ಎಲ್ಲಿಗಾದರೂ ತಾಗುತ್ತದೆ, ಅದಕ್ಕೆಂದೇ ಅದನ್ನು ಉಕ್ಕಿನಲ್ಲಿ ಮಾಡಿರುತ್ತಾರೆ. ಆದರೆ ಆ ನಗುವಿಗೆ ಏನು ಸಬೂಬು ಹೇಳಬೇಕೆಂದು ಕ್ಲೈವ್ ಪ್ರಾಟ್ಲಿಗೆ ಒಂದು ಗಂಟೆಯಿಂದ ಹೊಳೆಯುತ್ತಿಲ್ಲ. ದೋಣಿಯ ಹಿಂತುದಿಯಲ್ಲಿ ಚುಕ್ಕಾಣಿ ಹಿಡಿದು ನಿಂತಿದ್ದಾನೆ. ಮುಂದೆ ಐವತ್ತೇಳು ಅಡಿ ಉದ್ದದ, ಒಬ್ಬ ಮನುಷ್ಯ ಅಡ್ಡ ಮಲಗಿದರೆ ಮುಗಿದುಹೋಗುವಷ್ಟು ಅಗಲದ ತನ್ನ ದೋಣಿ, ಅದರಾಚೆ ಸೆಪ್ಟೆಂಬರಿನ ಬಿಸಿಲಿಗೆ ಆಗತಾನೆ ಮಂಜು ಬಿಡಿಸಿಕೊಂಡ ನೆನ್ ನದಿ. ಹಿಲರಿ ಎಂದಿನಂತೆ ಅವನ ಪಕ್ಕದ ಮೆಟ್ಟಿಲ ಮೇಲೆ ಕುಳಿತಿದ್ದಾಳೆ, ಆದರೆ ಮಾತಿಲ್ಲ. ಬೆಳಗ್ಗೆ ಎಂಟಕ್ಕೆ ಎಡದಂಡೆಗೆ ಕಟ್ಟಿದ್ದ ಹಸಿರು ದೋಣಿಯೊಂದಕ್ಕೆ ಇವನು ಹೋಗಿ ಗುದ್ದಿದ್ದ. ಅದು ಅಲ್ಲಿ ಇದ್ದದ್ದೇ ಇವನಿಗೆ ಕಾಣಲಿಲ್ಲ. ಇರಲಿಲ್ಲ, ಇರಲಿಲ್ಲ, ಇದ್ದಕ್ಕಿದ್ದಂತೆ ಇತ್ತು. ಎಂಜಿನ್ನು ತಗ್ಗಿಸಿ, ಕೋಲು ಹಿಡಿದು ಮುಂದಕ್ಕೋಡಿ ಇವನು ದೋಣಿಯನ್ನು ಆಚೆ ನೂಕುತ್ತಿದ್ದಾಗ, ಸುಟ್ಟ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಹಿಲರಿ ಚಾಕು ಸಮೇತ ಮೇಲೆ ಬಂದು ಚುಕ್ಕಾಣಿ ಹಿಡಿದಳು. ಅಷ್ಟರಲ್ಲಿ ಹಸಿರು ದೋಣಿಯ ಮಾಲೀಕ ಎದೆಯ ಮೇಲೆಲ್ಲ ಚಹಾ ಚೆಲ್ಲಿಕೊಂಡು, ಮನೆಯಂಗಿಯಲ್ಲೇ ಹೊರಗೆ ಬಂದ. ಹಿಲರಿಯನ್ನು ನೋಡಿದ, ಅವಳ ಕೈಯಲ್ಲಿದ್ದ ಚುಕ್ಕಾಣಿ ನೋಡಿದ, ಆಮೇಲೆ ಕ್ಲೈವ್ ಕಡೆ ತಿರುಗಿ, ಗಂಡಸರಿಬ್ಬರಿಗೇ ಗೊತ್ತಿರುವ ವಿಷಯವೆಂಬಂತೆ, “ಹೆಂಗಸರ ಕೈಗೆ ಕೊಟ್ರೆ ಇನ್ನೇನಾಗುತ್ತೆ ಬಿಡಿ” ಎಂದ. ಕ್ಲೈವ್ ನಕ್ಕ. ಬರಿಯ ಮುಗುಳುನಗೆಯಲ್ಲ, ಸದ್ದು ಮಾಡಿ ನಕ್ಕ. ಹಿಲರಿ ಚಹಾ ಚೆಲ್ಲಿದ್ದಕ್ಕೆ ಆ ಮನುಷ್ಯನ ಕ್ಷಮೆ ಕೇಳಿದಳು, ದೋಣಿಯನ್ನು ನೇರ ಮಾಡಿಕೊಟ್ಟಳು, ಒಳಗೆ ಹೋಗಿ ಬ್ರೆಡ್ಡಿಗೆ ಉಳಿದ ಬೆಣ್ಣೆ ಹಚ್ಚಿದಳು. ತಟ್ಟೆ ತಂದು ಅವನ ಮುಂದಿಟ್ಟಳು.

ಅವನ ಮಳೆಯಂಗಿಯ ಒಳಜೇಬಿನಲ್ಲಿ ಕಣ್ಣಾಸ್ಪತ್ರೆಯ ಕಾಗದವಿತ್ತು. ಮೂರು ವಾರದಿಂದ ಅಲ್ಲೇ ಇದೆ. ಎಡಗಣ್ಣಿನ ಅಂಚಿನ ನೋಟವೆಲ್ಲ ಹೋಗಿದೆ, ಬಲಗಣ್ಣಿನದ್ದೂ ಹೋಗತೊಡಗಿದೆ, ಲೈಸೆನ್ಸ್ ಕಚೇರಿಗೆ ತಾವೇ ತಿಳಿಸಬೇಕು ಎಂದು ಅದರಲ್ಲಿ ಬರೆದಿತ್ತು. ಕಾಗದ ಕಾರಿನ ಮಾತಾಡುತ್ತದೆಯೇ ಹೊರತು ದೋಣಿಯ ಮಾತು ಎತ್ತಿಲ್ಲ ಎಂಬುದನ್ನು ಅವನು ನಾಲ್ಕು ಸಲ ಓದಿ ಖಚಿತಪಡಿಸಿಕೊಂಡಿದ್ದ. ಆಸ್ಪತ್ರೆಯಲ್ಲಿ ಬಟ್ಟಲಿನಂಥ ಯಂತ್ರದೊಳಕ್ಕೆ ಮುಖವಿಟ್ಟು ಕೂರಿಸಿದ್ದರು. ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಬೇಕು. ಬಹಳ ಹೊತ್ತು ಚುಕ್ಕೆಯೇ ಬರದಿದ್ದಾಗ ಅವನಿಗೆ ಗಾಬರಿಯಾಗಿ, ಬರಬೇಕಾದ ಹೊತ್ತು ಊಹಿಸಿ ಗುಂಡಿ ಒತ್ತತೊಡಗಿದ. ಮೂವತ್ತೆರಡು ವರ್ಷ ಜನರ ಡ್ರೈವಿಂಗ್ ಪರೀಕ್ಷೆ ಮಾಡಿ, ಅವರಲ್ಲಿ ಅರ್ಧದಷ್ಟು ಮಂದಿಯನ್ನು ಫೇಲು ಮಾಡಿ ಮನೆಗೆ ಕಳಿಸಿದವನು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಪರೀಕ್ಷೆಯಲ್ಲಿ ಕಾಪಿ ಹೊಡೆದ. ಮೊಮ್ಮಗಳ ವಯಸ್ಸಿನ ಆ ಡಾಕ್ಟರ್ ಹುಡುಗಿ ಕಾಗದ ನೋಡುತ್ತಾ, ಚುಕ್ಕೆ ಇಲ್ಲದಾಗ ಒತ್ತಿದರೆ ಅದೂ ಯಂತ್ರಕ್ಕೆ ಗೊತ್ತಾಗುತ್ತೆ ಸರ್, ಎಂದು ಮೆತ್ತಗೆ ಹೇಳಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಆ ಮೆತ್ತನೆಯ ದನಿಯನ್ನು ತಡೆದುಕೊಳ್ಳಲಾಗಲಿಲ್ಲ. ಏಕೆಂದರೆ ಅದು ಅವನದೇ ದನಿ. ಫೇಲಾದವರಿಗೆ ಅವನು ಹಾಗೇ ಹೇಳುತ್ತಿದ್ದ. ಪರೀಕ್ಷೆ ಶುರುವಾಗುವ ಮೊದಲು ಇಪ್ಪತ್ತೈದು ಗಜ ದೂರ ನಿಂತ ಕಾರಿನ ನಂಬರ್ ಓದಿಸುವುದು ವಾಡಿಕೆ. ದೋಣಿ ಹತ್ತಿದ ಈ ಮೂರು ದಿನ ಅವನು ತನಗೆ ತಾನೇ ಆ ಪರೀಕ್ಷೆ ಇಟ್ಟುಕೊಂಡು, ಎದುರಿನಿಂದ ಬರುವ ದೋಣಿಗಳ ಹೆಸರನ್ನು ಯಾರಿಗೂ ಕಾಣದಷ್ಟು ದೂರದಿಂದ ಓದಿ ಓದಿ ಪಾಸಾಗಿದ್ದ. ಎದುರಿನದೆಲ್ಲ ಸ್ಪಷ್ಟ. ಎದುರಿನದು ಇಷ್ಟು ಸ್ಪಷ್ಟ ಕಾಣುವವನನ್ನು ಕುರುಡನೆಂದು ಹೇಗೆ ಕರೆಯುವುದು?

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಕೆಟರಿಂಗ್ ಊರಿನ ನಾಲ್ಕು ರಸ್ತೆ ಕೂಡುವಲ್ಲಿ, ತನ್ನ ಡ್ರೈವಿಂಗ್ ಪರೀಕ್ಷೆಯ ದಿನ, ಹಿಲರಿಗೂ ಎಲ್ಲವೂ ಸ್ಪಷ್ಟವಾಗಿಯೇ ಕಂಡಿತ್ತು. ಅವಳಿಗೆ ಇಪ್ಪತ್ನಾಲ್ಕು, ಬೂಟಿನ ಕಾರ್ಖಾನೆಯಲ್ಲಿ ಮೇಲ್ದೊಗಲು ಹೊಲಿಯುವ ಕೆಲಸ, ಬೆರಳಿಗೆಲ್ಲ ಮೇಣದ ವಾಸನೆ. ಹಾಲಿನ ಗಾಡಿಗೆ ದಾರಿ ಬಿಟ್ಟಳು. ದಾಟುವ ಇರಾದೆಯೇ ಇಲ್ಲದೆ ನಿಂತಿದ್ದ ಮುದುಕಿಗೆ ದಾರಿ ಬಿಟ್ಟಳು. ಅವಳಿಗೇ ದಾರಿ ಬಿಡಬೇಕಾಗಿದ್ದ ಬಸ್ಸಿಗೂ ಬಿಟ್ಟಳು. ಎಡ ಸೀಟಿನಲ್ಲಿ ಬರೆಯುವ ಹಲಗೆ ಹಿಡಿದು ಕೂತಿದ್ದ ಇಪ್ಪತ್ತೇಳರ ಕ್ಲೈವ್, ಕೆಲಸಕ್ಕೆ ಸೇರಿ ವರ್ಷವೂ ತುಂಬಿರದ ಹೊಸ ಬಿಸಿಯಲ್ಲಿ, ‘ಅನಗತ್ಯ ಹಿಂಜರಿಕೆ’ ಎಂಬ ಸಾಲಿನ ಮುಂದೆ ಗೀಟು ಹಾಕಿದ. ಕೊನೆಯಲ್ಲಿ ಹೇಳಬೇಕಾದ್ದನ್ನು ಹೇಳಿದಾಗ ಅವಳು ಅಳಲಿಲ್ಲ, ವಾದಿಸಲಿಲ್ಲ. ಅವನ ಕಡೆ ತಿರುಗಿ, “ಥ್ಯಾಂಕ್ಸ್. ನಿಮಗೂ ಕಷ್ಟಾನೇ ಇರಬೇಕು ಇದು” ಎಂದಳು. ಆ ಕೆಲಸದಲ್ಲಿದ್ದಷ್ಟೂ ವರ್ಷ ಅದನ್ನು ಮತ್ತೊಬ್ಬರು ಹೇಳಲಿಲ್ಲ. ಮೂರು ವಾರದ ನಂತರ ಬ್ರೆಡ್ ಅಂಗಡಿಯ ಸಾಲಿನಲ್ಲಿ ಸಿಕ್ಕಿದಳು. ನೀವು ಮುಂದೆ ಹೋಗಿ, ನನಗೆ ಹಿಂಜರಿಕೆ ಜಾಸ್ತಿಯಂತೆ, ಎಂದು ಜಾಗ ಬಿಟ್ಟುಕೊಟ್ಟಳು. ಮದುವೆಯೂ ಆಯಿತು. ಆದರೆ ಪರೀಕ್ಷೆಗೆ ಅವಳು ಮತ್ತೆ ಕೂರಲಿಲ್ಲ. ಮಗಳು ಶಾಲೆಗೆ ಸೇರಿದ ವರ್ಷ, ನೀನೇ ಯಾಕೆ ನನಗೆ ಕಲಿಸಬಾರದು, ಎಂದು ಒಮ್ಮೆ ಕೇಳಿದ್ದಳು. ಗಂಡ ಹೆಂಡತಿಗೆ ಕಲಿಸಲು ಹೋದರೆ ಮನೆಯಲ್ಲಿ ಜಗಳ ಎಂದು ಅವನು ನಗೆಯಲ್ಲಿ ಹಾರಿಸಿದ್ದ. ನಿಜ ಏನೆಂದರೆ ಅವಳನ್ನು ಎಲ್ಲೆಲ್ಲಿಗೂ ಕರೆದುಕೊಂಡು ಹೋಗುವವನು ತಾನಾಗಿರುವುದು ಅವನಿಗೆ ಇಷ್ಟವಾಗಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಈ ದೋಣಿ ಕೊಂಡಾಗ ಅದಕ್ಕೆ ‘ಸೆಕೆಂಡ್ ಗೇರ್’ ಎಂದು ಹೆಸರಿಟ್ಟವಳು ಹಿಲರಿ. ಚುಕ್ಕಾಣಿ ಯಾರ ಕೈಗೆ ಎಂಬ ಮಾತೇ ಬರಲಿಲ್ಲ.

ನದಿ ಬಲಕ್ಕೆ ಹೊರಳಿತು. ಕೊಯ್ಲಾದ ಹೊಲಗಳಲ್ಲಿ ಹುಲ್ಲಿನ ಉರುಳೆಗಳು, ಅದರಾಚೆ ಇಗರ್ಜಿಯ ಚೂಪು ಗೋಪುರ. ನದಿ ಸುತ್ತಿ ಸುತ್ತಿ ಹರಿಯುವುದರಿಂದ ಗೋಪುರ ಒಮ್ಮೆ ಮುಂದೆ, ಒಮ್ಮೆ ಬೆನ್ನಿಗೆ. ಕರುಗಳು ನೀರಿಗಿಳಿದು ದೋಣಿಯನ್ನೇ ದಿಟ್ಟಿಸುತ್ತಿದ್ದವು. ಇನ್ನೊಂದು ದಿನವಾಗಿದ್ದರೆ ಹಿಲರಿ ಆ ಕರುಗಳಿಗೆಲ್ಲ ಊರಿನ ಒಬ್ಬೊಬ್ಬರ ಹೆಸರಿಟ್ಟು ಮುಗಿಸಿರುತ್ತಿದ್ದಳು. ಏನಾದರೂ ಅನ್ನಬಾರದೇ ಇವಳು, ಬೈಯಬಾರದೇ. ಅವನು ಗಂಟಲು ಸರಿಪಡಿಸಿಕೊಂಡು ಬೆಚ್ಚಗಿದೆ ಅಲ್ವಾ ಎಂದ, ಹೂಂ ಎಂದಳು. ಮಧ್ಯಾಹ್ನಕ್ಕೆ ಚೀಸು ಉಪ್ಪಿನಕಾಯಿ ಸಾಕಾ ಎಂದ, ಸಾಕು ಎಂದಳು. ಈ ಮೌನದ ಹಠವನ್ನು ಇಷ್ಟು ವರ್ಷದಲ್ಲಿ ಎರಡೋ ಮೂರೋ ಸಲ ನೋಡಿದ್ದಾನೆ, ಅದು ತಾನಾಗಿ ಬಿಡುವವರೆಗೆ ಬಿಡುವುದಿಲ್ಲ ಎಂಬುದು ಗೊತ್ತು. ಬ್ಲ್ಯಾಕ್‌ಬೆರಿ ಪೊದೆಗಳು ಬಲದಂಡೆಯುದ್ದಕ್ಕೂ ಕಪ್ಪಾಗಿ ತೂಗುತ್ತಿದ್ದವು. ಇವತ್ತು ದೋಣಿ ಕಟ್ಟಿದಲ್ಲಿ ಒಂದು ಬೋಗುಣಿ ತುಂಬ ಕಿತ್ತು ತಂದುಕೊಟ್ಟರೆ ಹೇಗೆ, ಎಂದು ಅವನು ಲೆಕ್ಕ ಹಾಕುತ್ತಿದ್ದ. ಆ ಗಳಿಗೆಯಲ್ಲೇ ಎಡಗಡೆಯ ಗಾಳಿಯಿಂದ ಏನೋ ಬಂದು ಮುಖಕ್ಕೆ ಬಾರಿಸಿತು. ವಿಲೋ ಮರದ ಕೊಂಬೆ. ಟೋಪಿ ನೀರಿಗೆ ಬಿತ್ತು, ಚಹಾದ ಮಗ್ಗು ಚಾವಣಿಯ ಮೇಲೆ ಉರುಳಿತು, ಕೆನ್ನೆಯ ಮೇಲೆ ಎಲೆಗಳು ಗೀಚಿಕೊಂಡು ಹೋದವು, ದೋಣಿ ದಂಡೆಯ ಜೊಂಡಿಗೆ ಒಂದಿಷ್ಟು ಹೊತ್ತು ಒರಸಿಕೊಂಡು ಮತ್ತೆ ಆಳಕ್ಕೆ ಬಂತು. ಹಿಲರಿ ಎದ್ದುನಿಂತಿದ್ದಳು. ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಅವಳ ಮುಖ ಬಿಳುಚಿತ್ತು.

ಆ ಬಾಯಿ ಏನು ಹೇಳಲು ತೆರೆದಿತ್ತು ಎಂದು ಅವನಿಗೆ ತಕ್ಷಣ ಗೊತ್ತಾಯಿತು. ಎಡಕ್ಕೆ ನೋಡು. ಮೂರು ದಿನದಿಂದ ಅವಳು ಬೇರೇನೂ ಹೇಳಿರಲಿಲ್ಲ. ಎಡಕ್ಕೆ ನೋಡು ಕ್ಲೈವ್, ಕೊಕ್ಕರೆ. ಎಡಕ್ಕೆ ನೋಡು, ಆ ಕೆಂಪು ದೋಣಿಯವರ ಬೆಕ್ಕು. ಎಡಕ್ಕೊಂದು ಚೆಂದದ ಮರ ಬಾಗಿದೆ ನೋಡು. ಎಲ್ಲ ಹೆಂಗಸರೂ ವಯಸ್ಸಾದ ಮೇಲೆ ಮಾತಿನ ಮಲ್ಲಿಯರಾಗುತ್ತಾರೆ ಎಂದು ಅವನು ಒಳಗೊಳಗೇ ನಕ್ಕಿದ್ದ, ಇಷ್ಟು ಕೊಕ್ಕರೆ ಈ ನದಿಯಲ್ಲಿ ಯಾವಾಗ ಬಂದವು ಎಂದು ಒಂದು ಸಲ ಗೊಣಗಿಯೂ ಇದ್ದ. ನೋಡಿದಾಗ ಕೊಕ್ಕರೆ ಹಾರಿಹೋಗಿರುತ್ತಿತ್ತು, ಆದರೆ ಹಾಗೆ ತಲೆ ತಿರುಗಿಸಿದಾಗಲೆಲ್ಲ ಕಟ್ಟಿದ್ದ ದೋಣಿಯೋ ಮರದ ಬೊಡ್ಡೆಯೋ ಕಣ್ಣಿಗೆ ಬೀಳುತ್ತಿತ್ತು, ಕೈ ತಾನಾಗಿ ಚುಕ್ಕಾಣಿ ತಿರುಗಿಸುತ್ತಿತ್ತು. ಮೊನ್ನೆ ಮನೆಯಿಂದ ದೋಣಿಯವರೆಗೆ ಕಾರು ಓಡಿಸಿಕೊಂಡು ಬಂದಾಗಲೂ ಎಡ ಸೀಟಿನಲ್ಲಿ ಕೂತು ಅವಳು ದಾರಿಯುದ್ದಕ್ಕೂ ಎಡಗಡೆಯ ಮನೆಗಳ ಪರದೆಯ ಬಣ್ಣ ಹೇಳುತ್ತ ಬಂದಿದ್ದಳು. ಇವತ್ತು ಬೆಳಗ್ಗೆ ಎಂಟಕ್ಕೆ ಮಾತ್ರ ಬ್ರೆಡ್ಡಿಗೆ ಬೆಣ್ಣೆ ಹಚ್ಚಲು ಒಳಗಿದ್ದಳು. ಅವನಿಗೆ ನಾಚಿಕೆಯಾಯಿತು. ಕಣ್ಣಿಗಿಂತ ಹೆಚ್ಚಾಗಿ ಆ ನಗುವಿಗೆ ನಾಚಿಕೆಯಾಯಿತು. ತನ್ನ ಎಡಬದಿ ಇಷ್ಟು ದಿನ ಅವಳ ಬಾಯಲ್ಲಿತ್ತು. ಅಂಥವಳನ್ನು ಯಾರೋ ಒಬ್ಬ ಮನೆಯಂಗಿಯ ಮನುಷ್ಯನ ಎದುರು ಬಿಟ್ಟುಕೊಟ್ಟು, ಜೊತೆಗೆ ನಕ್ಕಿದ್ದ. ಈಗಲೇ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಈ ಚುಕ್ಕಾಣಿ ಕೈತಪ್ಪುತ್ತದೆ, ಇವತ್ತಿಗಲ್ಲ, ಕಾಯಮ್ಮಾಗಿ. ಇದಿಲ್ಲದಿದ್ದರೆ ಕೈಯನ್ನು ಎಲ್ಲಿಟ್ಟುಕೊಳ್ಳುವುದು?

ಲಾಕು ಬಂತು, ತಗ್ಗಿನ ನೀರಿನಿಂದ ಎತ್ತರದ ನೀರಿಗೆ ದೋಣಿ ಏರಿಸುವ ಜಾಗ. ಈ ನದಿಯಲ್ಲಿ ಮೇಲಕ್ಕೆ ಹೋಗುವ ದೋಣಿ ಮೊದಲು ಕಲ್ಲಿನ ತೊಟ್ಟಿಯೊಳಗೆ ನುಗ್ಗಬೇಕು. ಹಿಂದೆ ತಲೆಯ ಮೇಲೆ ತೂಗುವ ಕಬ್ಬಿಣದ ದೊಡ್ಡ ಹಲಗೆಯನ್ನು ಇಳಿಸಬೇಕು. ಮುಂದಿನಿಂದ ನೀರು ಬಿಟ್ಟು ತೊಟ್ಟಿ ತುಂಬಿಸಿದರೆ ದೋಣಿ ಏರುತ್ತದೆ. ಬೇರೆ ಕಡೆಗಳಲ್ಲಿ ಗುಂಡಿ ಒತ್ತಿದರೆ ಹಲಗೆ ಇಳಿಯುತ್ತದೆ, ಇದಕ್ಕೆ ಇನ್ನೂ ಕೈಚಕ್ರವೇ. ಹಿಲರಿ ದಂಡೆಗೆ ಹಾರಿ ಮೇಲೆ ಹೋದಳು. ಕ್ಲೈವ್ ಒಳಗೆ ನಡೆಸಿದ, ಹಲಗೆಯಿಂದ ತೊಟ್ಟಿಕ್ಕುವ ತಣ್ಣೀರು ಟೋಪಿಯಿಲ್ಲದ ನೆತ್ತಿಗೆ ಬಿತ್ತು. ಹಿಂದೆ ಚಕ್ರ ಕಿರುಗುಟ್ಟಿತು. ಇದುವರೆಗೂ ಆ ಸದ್ದು ಕೇಳಿದಾಗಲೆಲ್ಲ ಅವನು ಕೆಳಗೆ ನಿಂತು ಚಹಾ ಕುಡಿಯುತ್ತಿದ್ದ. ಇವತ್ತು ಮಗ್ಗು ಖಾಲಿಯಾಗಿತ್ತು, ಸುತ್ತು ಎಣಿಸಿದ. ನೂರ ಮೂವತ್ತೆಂಟು. ಅವಳಿಗೆ ಅರವತ್ತೊಂಬತ್ತು ವಯಸ್ಸು. ಹಲಗೆ ಕೂತಿತು. ಹೆಜ್ಜೆ ಸದ್ದು ಮುಂದಕ್ಕೆ ಹೋಯಿತು, ನೀರು ಗುಡುಗುಟ್ಟುತ್ತ ಒಳಗೆ ಬಂತು. ಪಾಚಿ ಹಿಡಿದ ಗೋಡೆ ಬಿಟ್ಟರೆ ಏನೂ ಇಲ್ಲ. ದೋಣಿ ಮೆಲ್ಲಗೆ ಏರುತ್ತ ಹೋಗಿ, ತಲೆ ಪೂರ್ತಿ ಹೊರಳಿಸಿದಾಗ, ಎಡಗಡೆಯ ಕಟ್ಟೆಯ ಅಂಚಿನಲ್ಲಿ ಮೊದಲು ಅವಳ ಬೂಟು ಕಂಡಿತು. ಅವಳ ಕಾರ್ಖಾನೆಯದೇ ಬೂಟು, ಮೂರು ಸಲ ಅಡಿ ಬದಲಿಸಿದ್ದು. ಎಡಗಡೆಯಲ್ಲೇ ಬಂದು ನಿಂತಿದ್ದಳು. ಮುಖ ಕಾಣುವ ಮೊದಲೇ ಹೇಳಿಬಿಡುವುದು ಸುಲಭ ಎನ್ನಿಸಿತು. ಅವನು ಆ ಬೂಟಿಗೆ ಹೇಳಿದ.

“ಹಿಲರಿ, ನನಗೆ ಎಡಗಡೆ ಕಾಣಲ್ಲ.”

ನೀರಿನ ಗದ್ದಲದಲ್ಲಿ ಅವಳಿಗೆ ಕೇಳಿತೋ ಇಲ್ಲವೋ. ಬೂಟು ಅಲುಗಲಿಲ್ಲ. ದೋಣಿ ಇನ್ನೊಂದು ಅಡಿ ಏರಿತು, ಮೊಣಕಾಲು ಬಂತು, ಚಕ್ರದಿಂದ ಕಳಚಿ ತಂದ ಹಿಡಿ ಹಿಡಿದ ಕೈ ಬಂತು.

“ಗೊತ್ತು ಮಾರಾಯ,” ಎಂದಳು. “ಮಾರ್ಚಿಂದ ನಿನ್ನ ಎಡಗೈ ತುಂಬ ನೀಲಿ. ಬಾಗಿಲಿಗೆ, ಕಪಾಟಿಗೆ, ಎಲ್ಲಕ್ಕೂ ಹೊಡ್ಕೊಂಡು ಓಡಾಡ್ತಿದ್ದೆ. ಯಾರಾದ್ರೂ ನೋಡಿದ್ರೆ ನಾನು ನಿಂಗೆ ಹೊಡೀತೀನಿ ಅಂದ್ಕೊಳ್ತಿದ್ರು.”

“ಮತ್ತೆ ಯಾಕೆ ಕೇಳಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ದಾರಿ ಬಿಟ್ಟು ಕಾಯೋದು ನನ್ನ ಹಳೇ ಕಾಯಿಲೆ ಅಲ್ವಾ. ಅದಕ್ಕೇ ತಾನೇ ಫೇಲು ಮಾಡಿದ್ದು ನೀನು.”

ಈಗ ಮುಖ ಕಾಣುತ್ತಿತ್ತು. ಸಿಟ್ಟಿನ ಮುಖವಲ್ಲ, ದಣಿದ ಮುಖ. ಅವನು ಕಾಗದ ತೆಗೆದು ಮೇಲಕ್ಕೆ ಕೊಟ್ಟ. ಅವಳು ಓದದೆ ಮಡಿಸಿ ಇಟ್ಟುಕೊಂಡಳು. ಗುಂಡಿ ಒತ್ತಿ ಮೋಸ ಮಾಡಿದ್ದನ್ನೂ ಹೇಳಿದ. ಅದಕ್ಕೆ ಅವಳಿಗೆ ನಗು ಬಂದುಬಿಟ್ಟಿತು, ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ನಕ್ಕಳು, ನೀನಾ, ನೀನಾ ಎಂದು ಎರಡು ಸಲ ಕೇಳಿದಳು. ನಗು ನಿಂತ ಮೇಲೆ, ಬೆಳಗ್ಗೆ ನೀನು ನಕ್ಕೆಯಲ್ಲ, ಎಂದಳು. ಗುದ್ದಿದ್ದಕ್ಕೆ ನನಗೇನೂ ಇಲ್ಲ, ಆ ನಗುವಿಗೆ ನೋವಾಯಿತು, ಎಂದಳು. ಹೌದು ಎಂದ. ನೀರು ಅಂಚಿಗೆ ಬಂದು ಗದ್ದಲ ನಿಂತಿತು. ದೋಣಿ ಕಟ್ಟೆಯ ಸಮಕ್ಕೆ ಬಂದಿತ್ತು. ಈಗ ಅವರಿಬ್ಬರೂ ಒಂದೇ ಎತ್ತರದಲ್ಲಿದ್ದರು. ಇನ್ನು ಚುಕ್ಕಾಣಿ ಬಿಡಬೇಕು, ಕೈ ಬಿಡುತ್ತಿಲ್ಲ. ಬಿಡು ಎಂದು ಯಾರಾದರೂ ಹೇಳಬೇಕು. ಮೂವತ್ತೆರಡು ವರ್ಷ ಜನ ಅವನ ಬಾಯಿಯನ್ನೇ ನೋಡುತ್ತ ಕೂತಿರುತ್ತಿದ್ದದ್ದು ಇದಕ್ಕೇ ಇರಬೇಕು. ತಾವು ಪಾಸೋ ಫೇಲೋ ಎಂದು ಅವರಿಗೆ ಅದಾಗಲೇ ಗೊತ್ತಿರುತ್ತಿತ್ತು, ಆದರೂ ಒಬ್ಬರು ಹೇಳಬೇಕಿತ್ತು.

“ನೀನೇ ಹೇಳು,” ಎಂದ. “ಸರಿಯಾಗಿ ಹೇಳು.”

ಅವಳಿಗೆ ಅರ್ಥವಾಯಿತು. ಎದ್ದುನಿಂತಳು, ಸ್ವೆಟರ್ ಎಳೆದುಕೊಂಡಳು, ಚಕ್ರದ ಹಿಡಿಯನ್ನು ಪರೀಕ್ಷಕನ ಹಲಗೆಯ ಹಾಗೆ ಎದೆಗೊತ್ತಿ ಹಿಡಿದಳು. ಆದರೆ ತಮಾಷೆ ಮಾಡುತ್ತಿರಲಿಲ್ಲ. ಆ ದನಿ ಎಷ್ಟು ಮೆತ್ತಗಿತ್ತೆಂದರೆ, ಅವಳು ಇಷ್ಟು ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳೆಂದು ಗೊತ್ತಾಗುತ್ತಿತ್ತು.

“ಮಿಸ್ಟರ್ ಪ್ರಾಟ್ಲಿ, ಪರೀಕ್ಷೆ ಮುಗೀತು. ಹೇಳೋಕೆ ಬೇಜಾರಾಗುತ್ತೆ. ನೀವು ಪಾಸಾಗಿಲ್ಲ.”

ಎದೆಯೊಳಗೆ ಏನೋ ಜಾರಿ ಕೆಳಗೆ ಹೋಯಿತು. ಹೀಗಿರುತ್ತದೆಯೇ ಇದು ಎಂದುಕೊಂಡ. ಅತ್ತವರು, ಬಾಗಿಲು ಬಡಿದು ಹೋದವರು, ಅಮ್ಮನಿಗೆ ಏನು ಹೇಳಲಿ ಎಂದ ಕನ್ನಡಕದ ಹುಡುಗಿ, ಎಲ್ಲರೂ ಇದನ್ನು ಎದೆಯಲ್ಲಿಟ್ಟುಕೊಂಡು ಕಾರಿನಿಂದ ಇಳಿದಿದ್ದರು. ಕೈ ಚುಕ್ಕಾಣಿ ಬಿಟ್ಟಿತು.

“ಥ್ಯಾಂಕ್ಸ್,” ಎಂದ. “ನಿಮಗೂ ಕಷ್ಟಾನೇ ಇರಬೇಕು ಇದು.”

“ತುಂಬಾ,” ಎಂದಳು ಹಿಲರಿ. ಅವಳ ಕಣ್ಣು ತುಂಬಿತ್ತು. ಮೂಗು ಒರಸಿಕೊಂಡು, ಚಕ್ರದ ಹಿಡಿಯನ್ನು ಅವನ ಕೈಗಿತ್ತು, ಅವನು ಇಳಿಯಲು ಜಾಗ ಬಿಟ್ಟು ತಾನು ದೋಣಿ ಹತ್ತಿದಳು.

ತೊಟ್ಟಿಯ ಮುಂತುದಿಯ ಮರದ ಬಾಗಿಲನ್ನು ಅವನು ಬೆನ್ನು ಕೊಟ್ಟು ತಳ್ಳಿ ತೆರೆದ. ಅಷ್ಟರಲ್ಲಿ ಮೇಲಿನಿಂದ ಬಂದ ನೀಲಿ ದೋಣಿಯೊಂದು ಕೆಳಗಿಳಿಯಲು ಕಾದು ನಿಂತಿತ್ತು. ಹಿಲರಿ ಹೊರಡಬೇಕು, ಹೊರಡಲಿಲ್ಲ. ನೀಲಿ ದೋಣಿಯವನಿಗೆ ಮೊದಲು ನೀವು ಎಂಬಂತೆ ಕೈ ಮಾಡಿದಳು. ತೊಟ್ಟಿಯಲ್ಲಿ ತಾನೇ ಇರುವಾಗ ಅವನು ಬರುವುದಾದರೂ ಎಲ್ಲಿಗೆ ಎಂದು ಹೊಳೆದ ಮೇಲೆ ಮೆಲ್ಲಗೆ ಎಂಜಿನ್ನು ಏರಿಸಿದಳು. ದೋಣಿಯ ಪಕ್ಕೆ ಬಾಗಿಲಿಗೊಮ್ಮೆ ಟಕ್ಕೆಂದಿತು. ಕ್ಲೈವನ ಮನಸ್ಸು ಹಳೆಯ ಅಭ್ಯಾಸದಲ್ಲಿ ಒಂದು ಗೀಟು ಹಾಕಿತು, ಅವನು ಅದನ್ನು ಅಳಿಸಿದ. ದೋಣಿ ಹೊರಬಂದು ಬಿಸಿಲಿಗೆ ಹೋಯಿತು. ನೀಲಿ ದೋಣಿ ತೊಟ್ಟಿಯೊಳಗೆ ಬಂತು, ಗಡ್ಡದ ಮನುಷ್ಯನೊಬ್ಬ ನಡೆಸುತ್ತಿದ್ದ. ಅವನು ಹಿಲರಿ ಹೋದ ಕಡೆ ಗದ್ದದಿಂದ ಸನ್ನೆ ಮಾಡಿ, “ಹೆಂಡ್ತಿ ಕೈಗೆ ಕೊಟ್ಬಿಟ್ರಾ? ಧೈರ್ಯ ಬೇಕಪ್ಪಾ,” ಎಂದ. ನದಿಯುದ್ದಕ್ಕೂ ಗಂಡಸರ ಹತ್ತಿರ ಇರುವುದು ಇದೊಂದೇ ತಮಾಷೆ. ಕ್ಲೈವ್ ನಗಲಿಲ್ಲ. ಫೋನು ಬಂದ ಮೇಲೂ ಈ ನೀರಿನ ಮೇಲೆ ಸುದ್ದಿ ದೋಣಿಯಿಂದ ದೋಣಿಗೇ ಹೋಗುತ್ತದೆ. ಯಾವ ಮರ ಬಿದ್ದಿದೆ, ಯಾರ ನಾಯಿ ತಪ್ಪಿಸಿಕೊಂಡಿದೆ, ಎಲ್ಲವನ್ನೂ ಕೆಳಗೆ ಹೋಗುವವರು ಹೊತ್ತೊಯ್ದು ತಲುಪಿಸುವುದು ರೂಢಿ.

“ನಿಮ್ಮಿಂದ ಒಂದು ಉಪಕಾರ ಆಗ್ಬೇಕು,” ಎಂದ ಕ್ಲೈವ್. “ಕೆಳಗೆ ಹಸಿರು ದೋಣಿ ಒಂದು ಕಟ್ಟಿದೆ, ಇಗರ್ಜಿ ದಾಟಿದ ಮೇಲೆ. ಅದರ ಯಜಮಾನರಿಗೆ ಹೇಳಿ. ಬೆಳಗ್ಗೆ ಗುದ್ದಿದ್ದು ನಾನು, ನನ್ನ ಹೆಂಡ್ತಿ ಅಲ್ಲ. ನನಗೆ ಕಣ್ಣು ಕಾಣಲ್ಲ, ಅದನ್ನ ಮುಚ್ಚಿಟ್ಟಿದ್ದೆ. ಅವರು ಅವಳನ್ನ ಅಂದಾಗ ನಾನು ನಕ್ಕೆ. ನಗಬಾರದಿತ್ತು. ಅದನ್ನೂ ಹೇಳಿ, ಬಿಡಬೇಡಿ.”

ಗಡ್ಡದವನ ಮುಖದ ಮೇಲಿನ ತಮಾಷೆ ಇಳಿಯಿತು. ಹಸಿರು ದೋಣಿ, ಗುದ್ದಿದ್ದು ನೀವು, ನಕ್ಕಿದ್ದು ತಪ್ಪು, ಎಂದು ಸಾಮಾನಿನ ಪಟ್ಟಿಯಂತೆ ಒಪ್ಪಿಸಿ, ಹೇಳ್ತೀನಿ ಎಂದ. ಕ್ಲೈವ್ ಅವನಿಗಾಗಿ ಬಾಗಿಲು ಮುಚ್ಚಿ, ನೀರು ಬಸಿಯಲು ಬಿಟ್ಟು, ಕೆಳಗಡೆಯ ಚಕ್ರ ತಿರುಗಿಸಿದ. ನಲವತ್ತನೆಯ ಸುತ್ತಿಗೆ ಭುಜ ಹಿಡಿದುಕೊಂಡಿತು. ತೊಂಬತ್ತಕ್ಕೆ ನಿಂತು ಉಸಿರು ತೆಗೆದುಕೊಂಡ. ಎಷ್ಟು ಲಾಕು, ಎಷ್ಟು ವರ್ಷ, ಎಂದು ಗುಣಿಸಲು ಹೋಗಿ ಬಿಟ್ಟುಬಿಟ್ಟ. ಹಲಗೆ ಮೇಲೆದ್ದಿತು. ನೀಲಿ ದೋಣಿ ಅವನ ಮಾತನ್ನು ಹೊತ್ತುಕೊಂಡು ಅದರಡಿಯಿಂದ ಹೊರಗೆ ಹೋಯಿತು.

ಹಿಲರಿ ಮುಂದಿನ ಕಟ್ಟೆಯ ಬಳಿ ದೋಣಿಯನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಅವನು ಹತ್ತಿ ಬಂದು ಅವಳ ಬಲಕ್ಕೆ ನಿಂತ, ಹಾಗೆ ನಿಂತರೆ ಅವಳು ಎಡಕ್ಕಿರುತ್ತಾಳೆ. ಅಷ್ಟು ಹೊತ್ತು ಆ ಮನುಷ್ಯನ ಹತ್ತಿರ ಏನು ಮಾತು ಎಂದು ಕೇಳಿದಳು. ಹೇಳಿದ, ಒಂದೂ ಬಿಡದೆ. ಅವಳು ಚುಕ್ಕಾಣಿಯನ್ನೇ ನೋಡುತ್ತ ಕೇಳಿಸಿಕೊಂಡಳು. ದೋಣಿ ತಿರುವು ದಾಟಿತು. ಗೋಪುರ ಮತ್ತೆ ಮುಂದೆ ಬಂತು. ಅವನ ಖಾಲಿ ಕೈಗಳು ಜೇಬು ಹುಡುಕಿ, ಅಲ್ಲಿ ಹಿಡಿಯಲು ಏನೂ ಸಿಗದೆ, ಕೊನೆಗೆ ಚಾವಣಿಯ ಮೇಲೆ ಬಿದ್ದಿದ್ದ ಮಗ್ಗನ್ನು ಎತ್ತಿಕೊಂಡವು.

“ಎಡಕ್ಕೆ ನೋಡು ಕ್ಲೈವ್,” ಎಂದಳು. “ಕೊಕ್ಕರೆ.”

ಇನ್ನು ಅವಳು ಸುಳ್ಳು ಹೇಳುವ ಅಗತ್ಯವಿಲ್ಲವಲ್ಲ ಎಂದುಕೊಳ್ಳುತ್ತ, ಕಲಿಯುವವರಿಗೆಲ್ಲ ಅವನು ಹೇಳಿಕೊಟ್ಟಿದ್ದ ಹಾಗೆ, ಗದ್ದ ಭುಜಕ್ಕೆ ತಾಗುವಷ್ಟು ತಲೆ ಹೊರಳಿಸಿ ನೋಡಿದ. ಜೊಂಡಿನ ನಡುವೆ ಒಂಟಿ ಕಾಲಲ್ಲಿ, ಇವರ ಕಡೆ ಲಕ್ಷ್ಯವೇ ಇಲ್ಲದೆ, ಕೊಕ್ಕರೆ ನಿಂತಿತ್ತು.